ಹದಿನಾಲ್ಕನೆಯ ಕೋಲು

ಹೊಳೆಯ ದಂಡೆಯಲ್ಲಿ ಒಬ್ಬ ಗುರು ಇದ್ದರು ಎಂದ ಕೂಡಲೇ ನೀವು ಪರ್ಣಕುಟಿ, ಜಿಂಕೆ, ಕಮಂಡಲ ಎಂದೆಲ್ಲ ಕಲ್ಪಿಸಿಕೊಳ್ಳುತ್ತೀರಿ. ಇವರ ಬಳಿ ಅದೊಂದೂ ಇರಲಿಲ್ಲ. ಇವರು ಗಾಲ್ಫ್ ಕಲಿಸುತ್ತಿದ್ದರು.

ಹೆಸರು ಲಿಂಗರಾಜೇ ಅರಸ್. ಎಲ್ಲರ ಬಾಯಲ್ಲಿ ಅರಸು ಮೇಷ್ಟ್ರು. ಮೈದಾನದ ಅಂಚಿನಲ್ಲಿ ಹೆಂಚಿನ ಒಂದು ಕೋಣೆ, ಮುಂದೆ ಉದ್ದನೆಯ ಕಲ್ಲುಬೆಂಚು, ಬೆಂಚಿನಾಚೆ ಹುಲ್ಲು, ಹುಲ್ಲಿನಾಚೆ ಹೊಳೆ. ಅವರ ಆಶ್ರಮ ಇಷ್ಟೇ.

ಒಂದು ಬೆಳಿಗ್ಗೆ ಮೇಲುಕೋಟೆ ಕಡೆಯ ಯತಿರಾಜ ಅಲ್ಲಿಗೆ ಬಂದ. ಅವನಿಗಿಂತ ಮೊದಲು ಅವನ ಚೀಲ ಬಾಗಿಲಲ್ಲಿ ಕಾಣಿಸಿತು, ಅಷ್ಟು ದೊಡ್ಡದಿತ್ತು.

ಆಟ ಗೊತ್ತಿಲ್ಲದವರಿಗೆ ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಗಾಲ್ಫ್‌ನಲ್ಲಿ ಚೆಂಡು ಒಂದೇ, ಕೋಲು ಹಲವು. ದೂರ ಕಳಿಸಲು ಒಂದು, ಎತ್ತರಕ್ಕೆ ಎಬ್ಬಿಸಲು ಒಂದು, ಮರಳಿನಿಂದ ಎತ್ತಲು ಒಂದು, ಕುಳಿಯ ಹತ್ತಿರ ಮೆಲ್ಲಗೆ ತಳ್ಳಲು ಇನ್ನೊಂದು. ಕಡಿಮೆ ಹೊಡೆತದಲ್ಲಿ ಚೆಂಡನ್ನು ಕುಳಿಗೆ ಸೇರಿಸಿದವರು ಗೆದ್ದ ಹಾಗೆ. ಅಂಗಡಿಯಲ್ಲಿ ಬಗೆಬಗೆಯ ಕೋಲು ಸಿಗುತ್ತವೆ, ಆದರೆ ಚೀಲದಲ್ಲಿ ಹದಿನಾಲ್ಕಕ್ಕಿಂತ ಹೆಚ್ಚು ಇರುವಂತಿಲ್ಲ. ಆ ಹದಿನಾಲ್ಕು ಯಾವುವು ಎಂಬುದನ್ನು ಆಡುವವನೇ ಆರಿಸಿಕೊಳ್ಳಬೇಕು.

ಯತಿರಾಜ ಕೇಳಲು ಬಂದದ್ದೂ ಅದನ್ನೇ.

"ಮೇಷ್ಟ್ರೇ, ಮೂವತ್ತರ ಒಳಗಿನವರ ರಾಜ್ಯ ತಂಡಕ್ಕೆ ಇದೇ ಮೈದಾನದಲ್ಲಿ ಆಯ್ಕೆ ನಡೆಯುತ್ತೆ. ಎರಡು ವರ್ಷ ಆಡಿದೆ. ಎರಡು ವರ್ಷವೂ ಕೊನೇ ಕುಳಿಯಲ್ಲಿ ಕೈ ತಪ್ಪಿತು. ಅಲ್ಲಿ ಹೊಳೆ ದಾಟಿಸಿ ಹೊಡೀಬೇಕು. ಚೆಂಡು ನೀರಿಗೆ ಬಿತ್ತು."

"ಬೀಳುತ್ತೆ. ಹೊಳೆ ಅಲ್ವಾ."

"ಈ ಸಲದ್ದು ಮುಗಿದ್ರೆ ನನಗೆ ಮೂವತ್ತು ತುಂಬುತ್ತೆ. ಇದೇ ಕೊನೆ ಅವಕಾಶ. ಯಾವ ಹದಿನಾಲ್ಕು ಇಟ್ಕೋಬೇಕು, ಹೇಳಿಕೊಡಿ."

ಅರಸು ಮೇಷ್ಟ್ರು ಚೀಲವನ್ನು ಬೋರಲು ಹಾಕಿದರು. ಕೋಲುಗಳು ಕಲ್ಲುಬೆಂಚಿನ ಮೇಲೆ ಸದ್ದು ಮಾಡುತ್ತ ಹರಡಿಕೊಂಡವು. ಅವರು ಒಂದನ್ನು ಎತ್ತಿದರು.

"ಇದನ್ನ ಯಾಕೆ ಇಟ್ಕೊಂಡಿದೀಯ?"

"ಟಿವಿಯಲ್ಲಿ ಒಬ್ಬ ದೊಡ್ಡ ಆಟಗಾರ ಇದರಲ್ಲಿ ಹೊಡೆದದ್ದು ನೋಡಿದೆ."

"ಇದು?"

"ಅಂಗಡಿಯವನು ಹೇಳಿದ."

"ಇದು?"

"ಪೂವಯ್ಯನ ಹತ್ರ ಇದೆ."

ಪೂವಯ್ಯ ಎಂದರೆ ಕೊಡಗಿನ ಹುಡುಗ, ಇದೇ ಮೈದಾನದಲ್ಲಿ ಆಡುವವನು. ತಂಡದ ಅದೇ ಜಾಗದ ಮೇಲೆ ಅವನಿಗೂ ಕಣ್ಣಿತ್ತು.

ಕೊನೆಗೆ ಮೇಷ್ಟ್ರು ಒಂದು ತೆಳ್ಳನೆಯ ಕೋಲನ್ನು ಎತ್ತಿ ಬಿಸಿಲಿಗೆ ಹಿಡಿದರು. ಎರಡನೇ ನಂಬರಿನ ಐರನ್. ಚೆಂಡಿಗೆ ತಾಗುವ ಅದರ ಕಬ್ಬಿಣದ ಮುಖ ಈಳಿಗೆಯ ಅಲಗಿನಷ್ಟು ಕಿರಿದು. ಒಂದು ಕೂದಲೆಳೆ ಆಚೀಚೆ ತಗುಲಿದರೂ ಚೆಂಡು ಮೇಲೇಳುವುದಿಲ್ಲ. ಅದನ್ನು ಹೊಡೆಯಬಲ್ಲವನಿಗೆ ಕ್ಲಬ್ಬಿನಲ್ಲಿ ಒಂದು ಮರ್ಯಾದೆ, ಹೊಡೆಯಲಾರದಿದ್ದರೂ ಚೀಲದಲ್ಲಿ ಇಟ್ಟುಕೊಂಡವನಿಗೆ ಅದರಲ್ಲಿ ಅರ್ಧ ಮರ್ಯಾದೆ.

"ಚೆಂಡು ನೀರಿಗೆ ಬಿದ್ದದ್ದು ಇದರಿಂದಲೇನು?"

"ಹೌದು."

"ಎರಡು ಸಲನೂ?"

"ಸರಿಯಾಗಿ ತಗುಲಿದ್ರೆ ಆರಾಮಾಗಿ ದಾಟುತ್ತೆ ಮೇಷ್ಟ್ರೇ."

"ಎಷ್ಟು ಸಲ ಸರಿಯಾಗಿ ತಗುಲುತ್ತೆ?"

ಯತಿರಾಜ ಹುಲ್ಲಿನ ಕಡೆ ನೋಡಿದ. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ.

"ಎಲ್ಲಾ ಒಳ್ಳೇ ಕೋಲುಗಳೇ," ಎಂದರು ಮೇಷ್ಟ್ರು. "ಇದರಲ್ಲಿ ನಿನ್ನದು ಯಾವುದು?"

"ಎಲ್ಲಾ ನನ್ನದೇ. ನಾನೇ ಹೊತ್ಕೊಂಡು ಬಂದೆ."

"ಹೊರೋನು ನೀನು ಅಂತ ಗೊತ್ತಾಯ್ತು," ಎಂದು ಮೇಷ್ಟ್ರು ಕಾಫಿ ಮಾಡಲು ಒಳಗೆ ಹೋದರು.

ಅಲ್ಲಿ ಕಲಿಯುವವರಿಗೆ ಒಂದು ಕಟ್ಟಳೆ ಇತ್ತು. ಬೇರೆ ಎಲ್ಲ ಕಡೆ ಹೊಡೆದ ತಕ್ಷಣ ಕೋಲನ್ನು ಬಟ್ಟೆಯಿಂದ ಒರೆಸುತ್ತಾರೆ. ಇಲ್ಲಿ ಒರೆಸುವಂತಿಲ್ಲ. ಸಂಜೆ ಎಲ್ಲ ಕೋಲುಗಳನ್ನೂ ಮಣ್ಣು, ಹುಲ್ಲಿನ ಸಮೇತ ಕಲ್ಲುಬೆಂಚಿನ ಮೇಲೆ ಸಾಲಾಗಿ ಮಲಗಿಸಬೇಕು. ಮೇಷ್ಟ್ರು ಒಂದೊಂದರ ಮುಖವನ್ನೂ ನೋಡುತ್ತಾರೆ, ಆಮೇಲೆ ತೊಳೆಯಬಹುದು. ಅಮಾವಾಸ್ಯೆಯಿಂದ ಅಮಾವಾಸ್ಯೆಯವರೆಗೆ ಮಣ್ಣೇ ಕಾಣದ ಕೋಲು ಯಾವುದಿದೆಯೋ ಅದು ಚೀಲ ಬಿಡಬೇಕು.

"ಕೋಲಿಗೆ ಕೆಲಸ ಇದೆಯೋ ಇಲ್ಲವೋ ಅಂತ ಮಣ್ಣು ಹೇಳುತ್ತೆ," ಎನ್ನುತ್ತಿದ್ದರು. "ನಿನ್ನ ಬಾಯಿ ಹೇಳಲ್ಲ."

ಹೀಗೆ ಟಿವಿಯ ಕೋಲು ಹೋಯಿತು. ಅಂಗಡಿಯವನ ಕೋಲೂ ಹೋಯಿತು. ಯತಿರಾಜನಿಗೆ ಹೆಚ್ಚೇನೂ ನೋವಾಗಲಿಲ್ಲ.

ಒಂದು ದಿನ ಮೇಷ್ಟ್ರು ಕೋಣೆಯ ಮೂಲೆಯಿಂದ ದುಂಡು ತಲೆಯ ಒಂದು ಕೋಲು ತಂದುಕೊಟ್ಟರು. ಏಳನೇ ನಂಬರಿನ ವುಡ್. ಹೆಸರಿಗೆ ಮರ, ತಲೆಯಲ್ಲಿ ಮರ ಒಂದು ಚೂರೂ ಇರಲಿಲ್ಲ. ಮುಖ ಆಕಾಶ ನೋಡುತ್ತಿತ್ತು.

"ಹೊಳೆ ಹತ್ರ ಹೋಗಿ ಹೊಡೆದು ನೋಡು."

ಹೊಳೆಯ ಆಚೆ ದಡ ಎತ್ತರ, ಕಲ್ಲುಕಲ್ಲು. ಅದರ ಮೇಲೆ ಕುಳಿ ಇರುವ ಪುಟ್ಟ ಹಸಿರು. ತಗ್ಗಾಗಿ ಹೋದ ಚೆಂಡು ಕಲ್ಲಿಗೆ ಬಡಿದು ನೀರಿಗೆ ಉರುಳುತ್ತದೆ. ಈ ದುಂಡು ಕೋಲು ಚೆಂಡನ್ನು ಎತ್ತರಕ್ಕೆ ಎತ್ತಿ, ಆಚೆ ದಡದ ಮೇಲೆ ಮೆತ್ತಗೆ ಇಳಿಸಿತು. ಯತಿರಾಜ ಮತ್ತೆ ಹೊಡೆದ, ಮತ್ತೆ ಇಳಿಯಿತು. ಅವನಿಗೆ ನಗು ಬಂತು.

ಆಗ ಹಿಂದಿನಿಂದ ಪೂವಯ್ಯನ ದನಿ ಕೇಳಿಸಿತು.

"ಏನಯ್ಯಾ ಯತಿ, ಅಜ್ಜಿ ಸೌಟು ಹಿಡ್ಕೊಂಡಿದೀಯ? ಊಟಕ್ಕೆ ಎಷ್ಟು ಜನ?"

ಪೂವಯ್ಯ ಕೆಟ್ಟವನಲ್ಲ. ಬಾಯಿ ಸ್ವಲ್ಪ ಜಾಸ್ತಿ, ಅಷ್ಟೇ. ಆದರೆ ಆ ಕೋಲನ್ನು ವಯಸ್ಸಾದವರೂ ಹೊಸಬರೂ ಮಾತ್ರ ಇಟ್ಟುಕೊಳ್ಳುತ್ತಿದ್ದದ್ದು ನಿಜ. ಮರುದಿನದ ಹೊತ್ತಿಗೆ ಇಡೀ ಮೈದಾನದಲ್ಲಿ ಅದರ ಹೆಸರು ಸೌಟು ಎಂದಾಯಿತು. ಯತಿರಾಜನನ್ನು ಕಂಡರೆ ಕೆಲವರು "ಸಾರು ಬಿಸಿ ಇದೆಯಾ?" ಎಂದು ಕೇಳತೊಡಗಿದರು.

ಅಂದಿನಿಂದ ಅವನು ಸೌಟನ್ನು ಯಾರೂ ಇಲ್ಲದಾಗ ಮಾತ್ರ ಹೊರಗೆ ತೆಗೆದ. ಜನ ಇದ್ದಾಗ ತೆಳ್ಳನೆಯ ಐರನ್ನನ್ನು ಕೈಯಲ್ಲಿ ಹಿಡಿದು ಎರಡು ಸಲ ಗಾಳಿಯಲ್ಲಿ ಬೀಸಿ ಮತ್ತೆ ಚೀಲಕ್ಕೆ ಹಾಕುತ್ತಿದ್ದ. ಅದರಿಂದ ಹೊಡೆಯಲು ಹೆದರಿಕೆ. ಅದನ್ನು ಬಿಡಲೂ ಮನಸ್ಸಿಲ್ಲ.

ಅಮಾವಾಸ್ಯೆ ಹತ್ತಿರ ಬಂತು. ಐರನ್ನಿನ ಮುಖ ಕನ್ನಡಿಯಂತೆ ಹೊಳೆಯುತ್ತಿತ್ತು. ನಾಳೆ ಅದು ಚೀಲ ಬಿಡಬೇಕು.

ಆ ಸಂಜೆ ಯತಿರಾಜ ಹೊಳೆಯ ಅಂಚಿಗೆ ಹೋಗಿ, ಆಚೀಚೆ ನೋಡಿ, ಒಂದು ಹಿಡಿ ಕೆಸರು ತೆಗೆದು ಐರನ್ನಿನ ಮುಖಕ್ಕೆ ಹಚ್ಚಿದ. ಎರಡು ಹುಲ್ಲಿನ ಎಸಳನ್ನೂ ಅಂಟಿಸಿದ. ಓದಿದವನು, ಮೀಸೆ ಬಂದವನು ಮಾಡುವ ಕೆಲಸವೇ ಇದು ಎಂದು ನೀವು ಕೇಳಬಹುದು. ಮರ್ಯಾದೆಯ ಪ್ರಶ್ನೆ ಬಂದಾಗ ನಾವೆಲ್ಲ ಏನೇನು ಹಚ್ಚಿಕೊಂಡಿದ್ದೇವೆ ಎಂದು ಯೋಚಿಸಿದರೆ ಅವನ ಮೇಲೆ ಸಿಟ್ಟು ಬರುವುದಿಲ್ಲ.

ಮೇಷ್ಟ್ರು ಬೆಂಚಿನ ಉದ್ದಕ್ಕೂ ನೋಡುತ್ತ ಬಂದರು. ಐರನ್ನಿನ ಮುಂದೆ ನಿಂತರು.

"ಇವತ್ತು ಇದರಲ್ಲಿ ಹೊಡೆದ್ಯಾ?"

"ಹೊಡೆದೆ ಮೇಷ್ಟ್ರೇ."

"ಚೆನ್ನಾಗಿ ಹೊಡೆದಿದೀಯ. ಬೇರೆಯವರಿಗೆ ಮಣ್ಣು ಒಂದೇ ಕಡೆ ಹತ್ತುತ್ತೆ. ನಿನಗೆ ಮೂಲೆಮೂಲೆಗೂ ಹತ್ತಿದೆ."

ಯತಿರಾಜನ ಕಿವಿ ಬಿಸಿಯಾಯಿತು.

"ನಾಳೆ ಇಡೀ ಆಟ ಇದೊಂದರಲ್ಲೇ ಆಡು," ಎಂದರು ಮೇಷ್ಟ್ರು.

ಮರುದಿನ ಅವನು ಹಾಗೆಯೇ ಆಡಿದ. ಮರಳಿನಲ್ಲಿ ಬಿದ್ದ ಚೆಂಡನ್ನು ಐರನ್ನಿನಿಂದ ಎತ್ತಲು ಹೋಗಿ ಇನ್ನಷ್ಟು ಹೂತ. ಕುಳಿಯ ಬಳಿ ಮೆಲ್ಲಗೆ ತಳ್ಳಬೇಕಾದಲ್ಲಿ ಚೆಂಡು ಹಾರಿ ಪೊದೆಗೆ ಹೋಯಿತು. ಹೊಳೆಯ ಹತ್ತಿರ ಬಂದಾಗ ಕೈಯಲ್ಲಿ ಬೊಬ್ಬೆ ಎದ್ದಿತ್ತು. ಅಲ್ಲಿ ಎಷ್ಟು ಚೆಂಡು ನೀರಿಗೆ ಹೋದವೆಂದು ಅವನು ಯಾರಿಗೂ ಹೇಳಲಿಲ್ಲ.

ಸಂಜೆ ಬಂದು ಬೆಂಚಿನ ಮೇಲೆ ಕೂತ.

"ನಿನ್ನೆ ಆ ಕೆಸರು ನಾನೇ ಹಚ್ಚಿದ್ದು ಮೇಷ್ಟ್ರೇ."

"ಗೊತ್ತು."

"ಮತ್ತೆ ಯಾಕೆ ಬಯ್ಯಲಿಲ್ಲ?"

"ಬಯ್ದಿದ್ರೆ ಇವತ್ತು ನೀನು ಆಡ್ತಾ ಇರಲಿಲ್ಲ, ಮುಖ ಊದಿಸ್ಕೊಂಡು ಕೂತಿರ್ತಿದ್ದೆ."

ಯತಿರಾಜ ಐರನ್ನನ್ನು ಅವರ ಮುಂದೆ ಚಾಚಿದ. "ಇದನ್ನ ತೆಗೆದುಬಿಡಿ. ಸಾಕಾಯ್ತು."

ಮೇಷ್ಟ್ರು ಅದರ ಮುಖ ನೋಡಿದರು. "ಇವತ್ತು ಇದಕ್ಕೆ ನಿಜವಾದ ಮಣ್ಣು ಹತ್ತಿದೆ. ಕಟ್ಟಳೆ ಪ್ರಕಾರ ಇನ್ನೊಂದು ಅಮಾವಾಸ್ಯೆ ತನಕ ಚೀಲದಲ್ಲಿ ಇರಬಹುದು."

"ನೀವೇ ತೆಗೀರಿ ಮೇಷ್ಟ್ರೇ."

"ನಾನು ತೆಗೆದ್ರೆ, ನಾನು ಆ ಕಡೆ ಹೋದ ಮೇಲೆ ನೀನು ಮತ್ತೆ ಹಾಕ್ಕೋತೀಯ."

ಹೀಗಾಗಿ ಐರನ್ ಚೀಲದಲ್ಲೇ ಉಳಿಯಿತು, ಸೌಟು ಕೋಣೆಯ ಮೂಲೆಯಲ್ಲಿ ಉಳಿಯಿತು. ಯತಿರಾಜ ಬೆಳಗಿನ ಹೊತ್ತು ಕಳ್ಳನ ಹಾಗೆ ಸೌಟನ್ನು ತೆಗೆದುಕೊಂಡು ಹೊಳೆಗೆ ಹೋಗಿ ಬರುತ್ತಿದ್ದ. ಮೇಷ್ಟ್ರು ನೋಡಿಯೂ ನೋಡದ ಹಾಗಿದ್ದರು.

ಒಂದು ಸಂಜೆ ಅವನು ಬಂದಾಗ ಮೇಷ್ಟ್ರು ತಮ್ಮ ಚೀಲವನ್ನೇ ಬೆಂಚಿನ ಮೇಲೆ ಸುರಿದುಕೊಂಡು ಕೂತಿದ್ದರು. ಹಳೆಯ ಒಂದು ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಸವರಿದರು. ಆಮೇಲೆ ಎದ್ದು ಹೋಗಿ ಅದನ್ನು ಹಾಗಲಕಾಯಿ ಬಳ್ಳಿಯ ಬುಡದಲ್ಲಿ ನೆಲಕ್ಕೆ ಚುಚ್ಚಿದರು. ಬಳ್ಳಿಯ ತುದಿಯನ್ನು ಅದಕ್ಕೆ ಸುತ್ತಿದರು.

ಯತಿರಾಜನಿಗೆ ಜೀವ ಬಾಯಿಗೆ ಬಂತು. "ಮೇಷ್ಟ್ರೇ, ನೀವು ದೊಡ್ಡ ಪಂದ್ಯ ಗೆದ್ದದ್ದು ಈ ಕೋಲಿನಲ್ಲಿ ಅಂತ ಎಲ್ಲರೂ ಹೇಳ್ತಾರೆ."

"ಗೆದ್ದೋನಿಗೆ ಇದು ಬೇಕಿತ್ತು. ಅವನಿಗೆ ಸೊಂಟ ನೋವಿರಲಿಲ್ಲ."

"ಬೇಜಾರಾಗಲ್ವಾ?"

"ಆಗುತ್ತೆ. ಅವನು ಒಳ್ಳೇ ಆಟಗಾರ."

ಇಬ್ಬರೂ ಬಳ್ಳಿಯನ್ನು ನೋಡುತ್ತ ನಿಂತರು. ಗುರುವಿನ ಮೇಲೆ ಅವನಿಗೆ ಅಂದು ಬಂದಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ.

ಆಯ್ಕೆಯ ದಿನ ಬಂತು. ಬೆಳಿಗ್ಗೆ ಅವನು ಚೀಲಕ್ಕೆ ಹದಿಮೂರು ಕೋಲು ಹಾಕಿದ. ಅವುಗಳ ಬಗ್ಗೆ ಅವನಿಗೆ ಅನುಮಾನವಿರಲಿಲ್ಲ. ಒಂದೊಂದನ್ನೂ ಮಣ್ಣು ತಾನೇ ಆರಿಸಿಕೊಟ್ಟಿತ್ತು. ಉಳಿದದ್ದು ಒಂದು ಜಾಗ. ಬೆಂಚಿನ ಮೇಲೆ ಐರನ್ ಮತ್ತು ಸೌಟು ಅಕ್ಕಪಕ್ಕ ಮಲಗಿದ್ದವು.

ಮೇಷ್ಟ್ರು ಕಾಫಿ ಲೋಟ ಹಿಡಿದು ಬಂದರು.

"ಮೇಷ್ಟ್ರೇ, ಯಾವುದು?"

"ಎರಡೂ ಹಾಕ್ಕೋ."

"ಹದಿನೈದಾಗುತ್ತೆ. ದಂಡ ಹಾಕ್ತಾರೆ."

"ಹಾಗಾದ್ರೆ ಎರಡೂ ಬಿಡು."

"ಎರಡೂ ಬಿಟ್ರೆ ಹೊಳೆ ದಾಟಿಸೋದು ಹೇಗೆ?"

ಮೇಷ್ಟ್ರು ಲೋಟ ಕೆಳಗಿಟ್ಟರು. "ಇಷ್ಟು ದಿನಕ್ಕೆ ಇದೊಂದು ಒಳ್ಳೇ ಪ್ರಶ್ನೆ ಕೇಳಿದೆ. ಇಲ್ಲೀವರೆಗೂ ನೀನು ಕೇಳ್ತಾ ಇದ್ದದ್ದು, ಹೊಳೆ ದಂಡೆಯಲ್ಲಿ ಹೇಗೆ ಕಾಣಿಸ್ತೀನಿ ಅಂತ."

ಯತಿರಾಜ ಸೌಟನ್ನು ಎತ್ತಿ ಚೀಲಕ್ಕೆ ಹಾಕಿದ. ಐರನ್ ಬೆಂಚಿನ ಮೇಲೆಯೇ ಉಳಿಯಿತು.

ಅವನು ಅಂದು ಚೆನ್ನಾಗಿ ಆಡಿದ. ಪೂವಯ್ಯನೂ ಚೆನ್ನಾಗಿಯೇ ಆಡಿದ. ಕೊನೆಯ ಕುಳಿಗೆ ಬಂದಾಗ ಇಬ್ಬರದೂ ಸಮ. ಜನ ಹೊಳೆಯ ದಂಡೆಗೆ ಬಂದು ಸೇರಿದರು. ಮೇಷ್ಟ್ರು ಹಿಂದುಗಡೆ ಒಂದು ಮರದ ನೆರಳಲ್ಲಿ ನಿಂತರು.

ಪೂವಯ್ಯ ಮೊದಲು ಹೊಡೆದ. ಅವನ ಕೈಗೆ ಐರನ್ ಒಗ್ಗಿದ ಕೋಲು, ಸುಳ್ಳಲ್ಲ. ಚೆಂಡು ಹೊಳೆ ದಾಟಿ ಹಸಿರಿನ ಮೇಲೆ ನಿಂತಿತು. ಜನ ಚಪ್ಪಾಳೆ ತಟ್ಟಿದರು.

ಯತಿರಾಜ ಚೀಲಕ್ಕೆ ಕೈ ಹಾಕಿ ಸೌಟನ್ನು ತೆಗೆದ.

ಯಾರೋ "ಬಡಿಸಪ್ಪ" ಎಂದರು. ನಗು ಎದ್ದಿತು. ಪೂವಯ್ಯ ನಗಲಿಲ್ಲ, ಬೇರೆ ಕಡೆ ನೋಡಿದ.

ಯತಿರಾಜ ಆ ನಗುವನ್ನು ಕೇಳಿದ. ಎಷ್ಟು ದಿನದಿಂದ ಹೆದರಿದ್ದ ನಗು ಇದೇ ಏನು, ಇಷ್ಟೇ ಏನು ಅನ್ನಿಸಿತು. ಚೆಂಡಿನ ಮುಂದೆ ನಿಂತ. ಆದರೆ ಅಂಗೈ ಬೆವರಿತ್ತು. ತಂಡದ ಜಾಗ, ಮೂವತ್ತು ವರ್ಷ, ಕೊನೆ ಅವಕಾಶ, ಎಲ್ಲವೂ ಆ ಒಂದು ಬೀಸಿನಲ್ಲಿ ಸೇರಿಕೊಂಡವು. ಕೋಲು ಚೆಂಡಿಗಿಂತ ಮೊದಲು ನೆಲವನ್ನು ತಾಗಿತು.

ಚೆಂಡು ಎತ್ತರಕ್ಕೇನೋ ಹೋಯಿತು. ದೂರ ಹೋಗಲಿಲ್ಲ. ಹೊಳೆಯ ನಡುವೆ ಬಿತ್ತು.

ನಿಯಮದ ಪ್ರಕಾರ ದಂಡವಾಗಿ ಒಂದು ಹೊಡೆತ ಲೆಕ್ಕಕ್ಕೆ ಸೇರಿಸಿಕೊಂಡು ಅಲ್ಲಿಂದಲೇ ಮತ್ತೆ ಹೊಡೆಯಬೇಕು. ಅಂದು ಅವನ ಚೀಲ ಹೊರಲು ಬಂದಿದ್ದ ಹುಡುಗ ಬೇರೆ ಒಂದು ಕೋಲನ್ನು ಮುಂದೆ ಚಾಚಿದ. ಯತಿರಾಜ ತಲೆಯಾಡಿಸಿದ. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಅದೇ ಸೌಟಿನಿಂದ ಇನ್ನೊಂದು ಚೆಂಡು ಹೊಡೆದ.

ಅದು ಎದ್ದ ರೀತಿ ನೋಡಿ ಜನ ಕತ್ತೆತ್ತಿದರು. ಆಚೆ ದಡದಲ್ಲಿ ಕುಳಿಯ ಪಕ್ಕದಲ್ಲೇ ಮೆತ್ತಗೆ ಇಳಿಯಿತು. ಒಂದು ಸಣ್ಣ ತಳ್ಳಿಗೆ ಒಳಗೆ ಹೋಯಿತು.

ಆದರೆ ಲೆಕ್ಕ ಲೆಕ್ಕವೇ. ದಂಡ ಸೇರಿ ಅವನಿಗೆ ನಾಲ್ಕು, ಹಸಿರಿನ ಮೇಲೆ ಎರಡು ಸಲ ತಳ್ಳಿ ಮುಗಿಸಿದ ಪೂವಯ್ಯನಿಗೆ ಮೂರು. ಒಂದೇ ಹೊಡೆತದಲ್ಲಿ ಜಾಗ ಹೋಯಿತು. ಪೂವಯ್ಯ ಬಂದು ಕೈ ಕುಲುಕಿ, "ಆ ಎರಡನೇ ಚೆಂಡು ನಾನು ಹೊಡೆಯೋಕೆ ಆಗ್ತಿರಲಿಲ್ಲ ಕಣೋ," ಎಂದ. ಅದು ಸಮಾಧಾನದ ಮಾತಾಗಿರಲಿಲ್ಲ, ಮನಸ್ಸಿನ ಮಾತಾಗಿತ್ತು. ಆದರೂ ಯತಿರಾಜನಿಗೆ ಅದರಿಂದ ಏನೂ ಆಗಲಿಲ್ಲ.

ಜನ ಚದುರಿದ ಮೇಲೆ ಅವನು ಹೊಳೆಯ ದಂಡೆಯಲ್ಲೇ ಕೂತು ಅತ್ತ. ಮರೆಮಾಚಲೂ ಇಲ್ಲ, ಮುಖ ಒರೆಸಿಕೊಳ್ಳಲೂ ಇಲ್ಲ. ಮೇಷ್ಟ್ರು ಬಂದು ಸೊಂಟ ಹಿಡಿದುಕೊಂಡು ಪಕ್ಕದಲ್ಲಿ ಕೂತರು. ಅವನು ಅತ್ತು ಮುಗಿಸುವ ತನಕ ನೀರು ನೋಡುತ್ತಿದ್ದರು.

"ಕೋಲು ಸರಿಯಾದದ್ದೇ ತಗೊಂಡೆ ಅಲ್ವಾ ಮೇಷ್ಟ್ರೇ?"

"ಸರಿಯಾದದ್ದೇ."

"ಕೋಲು ತಪ್ಪು ಮಾಡಲಿಲ್ಲ. ನಾನು ಮಾಡಿದೆ. ನೆಲ ಹೊಡೆದೆ."

"ಹೌದು."

"ಹಾಗಾದ್ರೆ ಇಷ್ಟೆಲ್ಲಾ ಮಾಡಿ ಏನಾಯ್ತು? ಮೂರು ವರ್ಷ, ಮೂರು ಚೆಂಡು, ಮೂರೂ ಅದೇ ನೀರಿಗೆ."

ಮೇಷ್ಟ್ರು ಅವನ ಬೆನ್ನ ಮೇಲೆ ಕೈಯಿಟ್ಟರು.

"ಮೊದಲೆರಡು ಹೊಡೆದದ್ದು ಬೇರೆ ಯಾರೋ, ಯತಿ. ಇದು ನಿನ್ನ ಮೊದಲನೇ ಚೆಂಡು."